ಹಳೆಯ ಗೊಂಬೆ ಮಂಚಕ್ಕೆ ಹೊಸ ಹಾಸಿಗೆ: ಕಲೆ, ಪುಡಿ, ಬೂಷ್ಟು, ಅಲುಗಾಟ ಕಂಡರೆ ಎಲ್ಲಿ ಹುಡುಕಬೇಕು

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಹಳೆಯ ಮನೆಗಳಲ್ಲಿ ಅಟ್ಟ ಗುಡಿಸುವಾಗ ಗೊಂಬೆ ಸಾಮಾನು ಸಿಗುವುದುಂಟು. ಗೇಣುದ್ದದ ಮಂಚ, ಹಿತ್ತಾಳೆ ಸರಪಳಿಯ ಉಯ್ಯಾಲೆ, ಅರಗಿನ ಬಣ್ಣದ ತೊಟ್ಟಿಲು, ಬೆರಳೆತ್ತರದ ಕುರ್ಚಿ. ಕೆಲವನ್ನು ಮನೆ ಕೆಲಸಕ್ಕೆ ಬಂದ ಆಚಾರಿ ಉಳಿದ ಹಲಸಿನ ತುಂಡಿನಲ್ಲಿ ಮಾಡಿಕೊಟ್ಟಿರುತ್ತಾರೆ. ಕೆಲವು ಮರದ ಕೆತ್ತನೆಯೇ ಕುಲಕಸುಬಾದ ಗುಡಿಗಾರರ ಕೆಲಸ. ಕಾರವಾರದ ಕಡೆ ಸಾವಂತವಾಡಿಯ ಬಣ್ಣದ ಆಟಿಕೆಗಳೂ ಸಿಗುತ್ತವೆ.

ಸಿಕ್ಕ ಕೂಡಲೇ ಕೈಮಗ್ಗದ ಬಟ್ಟೆ ತಂದು ಹಾಸಿಗೆ ಹೊಲಿಯುವ ಉತ್ಸಾಹ ಬರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಹೊಸ ಹಾಸಿಗೆಗೆ ಕಂದು ಕಲೆ ಬಿದ್ದಿರುತ್ತದೆ. ಆಗ ಬಟ್ಟೆ ಸರಿ ಇರಲಿಲ್ಲ ಅಂತ ಬೈಯುತ್ತೇವೆ. ನನ್ನ ಕೈಗೆ ಬಂದ ಸಾಮಾನುಗಳಲ್ಲಿ ಹೆಚ್ಚಿನ ಸಲ ಬಟ್ಟೆಯದು ತಪ್ಪೇ ಇರಲಿಲ್ಲ. ಕೆಳಗಿನ ಮರದ್ದು, ಮೊಳೆಯದ್ದು ಅಥವಾ ಹಳೆಯ ಎಣ್ಣೆಯದ್ದು ಇತ್ತು. ಅದಕ್ಕೇ ಇಲ್ಲಿ ಮರವನ್ನು ಮೊದಲು ನೋಡುತ್ತೇನೆ, ಬಟ್ಟೆ ಆಮೇಲೆ.

ಶುರು ಮಾಡುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಹಳೆಯ ಬಟ್ಟೆ ಎಷ್ಟೇ ಚಿಂದಿ ಆಗಿರಲಿ, ಎಸೆಯಬೇಡಿ. ಅಳತೆ, ಹೊಲಿಗೆ, ಮಡಿಕೆ ಎಲ್ಲ ಅದರಲ್ಲೇ ಇದೆ. ಬೇಕಾದ ಸಾಮಗ್ರಿ ಕಡಿಮೆ: ಒಂದು ಬಿಳಿ ಕಾಗದ, ಒಂದು ಕಪ್ಪು ಕಾಗದ, ಟಾರ್ಚ್, ಭೂತಗನ್ನಡಿ, ಮೆತ್ತನೆಯ ಪೇಂಟ್ ಬ್ರಷ್, ಕಿವಿಗೆ ಹಾಕುವ ಹತ್ತಿ ಕಡ್ಡಿ, ಒಳ್ಳೆಯ ಮಾಸ್ಕ್.

ಒಂದು ಎಚ್ಚರಿಕೆ ಈಗಲೇ ಹೇಳಬೇಕು. ಬಣ್ಣ ಬಳಿದ ಹಳೆಯ ಸಾಮಾನನ್ನು ಯಾವ ಕಾರಣಕ್ಕೂ ಒಣಗಿರುವಾಗ ಉಪ್ಪುಕಾಗದ ಹಾಕಿ ಉಜ್ಜಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಬಣ್ಣ ಪುಡಿಪುಡಿಯಾಗಿ ಉದುರುತ್ತಿದ್ದರೆ ಮಕ್ಕಳ ಕೈಗೂ ಕೊಡಬೇಡಿ.

ಮುಟ್ಟಿದರೆ ಕೈಗೆ ಕಪ್ಪು ಹತ್ತುತ್ತದೆ, ಅಂಟಂಟು ಅನಿಸುತ್ತದೆ

ನಮ್ಮ ಕಡೆ ಅಟ್ಟ ಎಂದರೆ ಅಡುಗೆ ಮನೆಯ ಹೊಗೆ ಹೋಗುವ ದಾರಿ. ಅಲ್ಲಿದ್ದ ಮರದ ಮೇಲೆ ಇಲ್ಲಣ, ಅಂದರೆ ಹೊಗೆಯ ಮಸಿ, ಪದರ ಪದರವಾಗಿ ಕೂತಿರುತ್ತದೆ. ನೋಡುವುದಕ್ಕೆ ಹಳೆಯ ಪಾಲಿಶ್ ತರಹವೇ ಕಾಣುತ್ತದೆ, ಬೀಟೆ ಮರವೇನೋ ಅನಿಸುತ್ತದೆ.

ಮೊದಲು ಒಣ ಬ್ರಷ್ ಆಡಿಸಿ. ಪುಡಿ ಉದುರಿದರೆ ಅರ್ಧ ಕೆಲಸ ಅಲ್ಲೇ ಆಯಿತು. ಆಮೇಲೆ ಕಾಲಿನ ಒಳಬದಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಒದ್ದೆ ಹತ್ತಿ ಕಡ್ಡಿಯನ್ನು ಹೊರಳಿಸಿ. ಉಜ್ಜಬೇಡಿ, ಹೊರಳಿಸಿ. ಕಡ್ಡಿಗೆ ಕಪ್ಪು ಅಥವಾ ಕಂದು ಹತ್ತಿದರೆ ಅದು ಹೊಗೆ. ಎಂಜಲಲ್ಲಿ ತೇವ ಮಾಡಿದ ಕಡ್ಡಿ ಇದಕ್ಕೆ ನೀರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಮ್ಯೂಸಿಯಂಗಳಲ್ಲಿ ಕೆಲಸ ಮಾಡುವವರೂ ಇದನ್ನು ಬಳಸುತ್ತಾರೆ. ಬಳಸಿದ ಕಡ್ಡಿಯನ್ನು ಮಾತ್ರ ಮತ್ತೆ ಬಾಯಿಗೆ ಇಡಬೇಡಿ, ಸೀಸದ ವಿಷಯ ನೆನಪಿರಲಿ. ಎಂಜಲು ಬೇಡ ಅನ್ನುವವರಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಕಡ್ಡಿ ಸಾಕು.

ಕಡ್ಡಿಗೆ ಕಪ್ಪಿನ ಬದಲು ಕೆಂಪು, ಹಳದಿ, ಹಸಿರು ಬಂದರೆ ನಿಲ್ಲಿಸಿ. ಅದು ಬಣ್ಣವೇ ಕರಗುತ್ತಿರುವುದು. ಅರಗಿನ ಬಣ್ಣ ನೀರಿಗೆ ಅಷ್ಟು ಬೇಗ ಜಗ್ಗುವುದಿಲ್ಲ. ಆದರೆ ಸ್ಪಿರಿಟ್ ತಾಗಿದರೆ ಕರಗಿ ಹೋಗುತ್ತದೆ. ಸ್ಯಾನಿಟೈಸರ್ ಹಚ್ಚಿಕೊಂಡ ಕೈಯಲ್ಲಿ ಅರಗಿನ ತೊಟ್ಟಿಲು ಹಿಡಿಯುವುದೂ ಬೇಡ. ಬಿಸಿಗೂ ಅರಗು ಮೆತ್ತಗಾಗುತ್ತದೆ. ಕಾರಿನೊಳಗೆ, ಬಿಸಿಲಿನ ಕಿಟಕಿಯಲ್ಲಿ ಇಟ್ಟ ಸಾಮಾನು ಅಂಟಂಟಾಗಲು ಇದೇ ಕಾರಣ ಇರಬಹುದು. ತಂಪಾದ ಜಾಗದಲ್ಲಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಅಷ್ಟರೊಳಗೆ ಬಟ್ಟೆ ಹಾಕಿದ್ದರೆ ಅದರ ನೇಯ್ಗೆಯ ಗುರುತು ಅರಗಿನ ಮೇಲೆ ಅಚ್ಚೊತ್ತುತ್ತದೆ.

ಮೂರನೆಯ ಸಾಧ್ಯತೆ ಗೇರೆಣ್ಣೆ. ಕರಾವಳಿಯಲ್ಲಿ ಒರಲೆ ಬರದಂತೆ ಬಾಗಿಲು, ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ. ಆಟಿಕೆಗೂ ಒಂದು ಕೈ ಬಳಿದವರಿದ್ದಾರೆ. ಇದು ದಪ್ಪ ಕಪ್ಪು, ಹೊರಳಿಸಿದರೆ ಜಗ್ಗುವುದಿಲ್ಲ, ಮೂಲೆಗಳಲ್ಲಿ ಗಟ್ಟಿ ಗೆರೆಯಾಗಿ ನಿಂತಿರುತ್ತದೆ. ಸರಿಯಾಗಿ ಒಣಗದ ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಇದನ್ನು ತೆಗೆಯಲು ಹೋಗಬೇಡಿ. ಕೈಗವಸು ಹಾಕಿ ಮುಟ್ಟಿ, ಬಿಸಿ ಮಾಡಬೇಡಿ, ಬಟ್ಟೆ ತಾಗುವ ಕಡೆ ಅಡ್ಡಪದರ ಹಾಕಿ. ಅಡ್ಡಪದರದ ವಿಷಯ ಕೆಳಗೆ ಬರುತ್ತದೆ.

ಬಿಳಿ ಪುಡಿ ಕೂತಿದೆ, ಮುಗ್ಗಲು ವಾಸನೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಮೇಲೆ ಬೂಷ್ಟು ಬರದ ಮನೆ ಇಲ್ಲ. ಆದರೂ ಬಿಳಿ ಕಂಡದ್ದೆಲ್ಲ ಬೂಷ್ಟಲ್ಲ. ಭೂತಗನ್ನಡಿಯಲ್ಲಿ ನೋಡಿ. ನೂಲಿನ ಹಾಗೆ ಕೂದಲು ಕೂದಲಾಗಿ, ಚುಕ್ಕೆ ಚುಕ್ಕೆಯಾಗಿ ಇದ್ದರೆ ಬೂಷ್ಟು. ಮಂಜು ಕವಿದ ಹಾಗೆ ಸಮನಾಗಿ ಹರಡಿದ್ದು, ಬೆರಳಿನ ಬಿಸಿಗೆ ಮಾಯವಾದರೆ ಅದು ಹಳೆಯ ಮೇಣ ಮೇಲೆ ಬಂದದ್ದು. ಮೇಣವಾದರೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಬೂಷ್ಟಾದರೆ ಅಂಗಳಕ್ಕೆ ತೆಗೆದುಕೊಂಡು ಹೋಗಿ. ಮಾಸ್ಕ್ ಕಟ್ಟಿಕೊಂಡು, ಗಾಳಿ ನಿಮ್ಮಿಂದ ಆಚೆ ಬೀಸುವ ಹಾಗೆ ನಿಂತು ಬ್ರಷ್ ಮಾಡಿ. ಮೊದಲು ಒಣಗಬೇಕು, ಆಮೇಲೆ ಬ್ರಷ್. ಒದ್ದೆ ಬೂಷ್ಟನ್ನು ಒರೆಸಿದರೆ ಅದು ಮರದ ನರಗಳೊಳಗೆ ಹೋಗಿ ಕೂರುತ್ತದೆ. ನೆರಳಿನಲ್ಲಿ, ಫ್ಯಾನ್ ಗಾಳಿಯಲ್ಲಿ ಒಣಗಿಸಿ. ನೇರ ಬಿಸಿಲಿಗೆ ಇಟ್ಟರೆ ತೆಳು ಹಲಗೆ ಬೇಗ ಒಣಗಿ ಸೀಳುತ್ತದೆ. ಬಿಳಿ ಹತ್ತಿ ಬಟ್ಟೆಯನ್ನು ಮಾತ್ರ ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಬಹುದು.

ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು. ಬೂಷ್ಟು ಬಣ್ಣದ ಅಡಿಗೆ ಹೋಗಿ ಬಣ್ಣವನ್ನೇ ಎಬ್ಬಿಸಿದ್ದರೆ ಅಲ್ಲಿಗೆ ನಿಲ್ಲಿಸಿ. ಬ್ರಷ್ ಆಡಿಸಿದರೆ ಚಿತ್ತಾರವೇ ಉದುರಿ ಹೋಗುತ್ತದೆ.

ಮಂಚದ ಕೆಳಗೆ ದಿನಾ ಹಿಟ್ಟಿನಂಥ ಪುಡಿ

ಇದನ್ನು ಅಲಕ್ಷ್ಯ ಮಾಡಬೇಡಿ. ಗೊಂಬೆ ಮಂಚದ ಕುಟ್ಟೆ, ಅಂದರೆ ಮರ ಕೊರೆಯುವ ಹುಳ, ಮನೆಯ ದೊಡ್ಡ ಮಂಚಕ್ಕೂ ಹೋಗಬಹುದು. ಮೊದಲು ಉಳಿದ ಸಾಮಾನಿನಿಂದ ಬೇರೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ.

ರಂಧ್ರ ಇದ್ದ ಮಾತ್ರಕ್ಕೆ ಹುಳ ಇದೆ ಅಂತಲ್ಲ. ಹುಳ ಬಿಟ್ಟು ಹೋಗಿ ಎಷ್ಟೋ ವರ್ಷ ಆಗಿರಬಹುದು. ಸಾಮಾನನ್ನು ಮೆಲ್ಲಗೆ ತಟ್ಟಿ ಪುಡಿ ಉದುರಿಸಿ, ಕಪ್ಪು ಕಾಗದದ ಮೇಲೆ ಅಲ್ಲಾಡಿಸದೆ ಒಂದೆರಡು ವಾರ ಇಡಿ. ಕಾಗದದ ಮೇಲೆ ಹೊಸ ಪುಡಿ ಬಿದ್ದರೆ ಒಳಗೆ ಜೀವ ಇದೆ. ಏನೂ ಬೀಳದಿದ್ದರೂ ಒಂದು ಮಳೆಗಾಲ ದಾಟುವವರೆಗೆ ಕಣ್ಣಿಟ್ಟಿರಿ.

ಪುಡಿ ಯಾವ ತರಹ ಅಂತಲೂ ನೋಡಬೇಕು. ಮೈದಾ ಹಿಟ್ಟಿನಷ್ಟು ನಯವಾಗಿದ್ದು, ರಂಧ್ರ ಗುಂಡುಸೂಜಿ ಚುಚ್ಚಿದಷ್ಟೇ ಇದ್ದರೆ ಕುಟ್ಟೆ ಹುಳ. ಗಸಗಸೆಯಂಥ ಗಟ್ಟಿ ಕಾಳುಗಳಾದರೆ ಒಣ ಮರದ ಒರಲೆ. ಮಣ್ಣಿನ ಗೆರೆ ಕಂಡರೆ ನೆಲದ ಒರಲೆ. ಹಾಗಿದ್ದರೆ ಸಮಸ್ಯೆ ಗೊಂಬೆ ಮಂಚದ್ದಲ್ಲ, ಅದನ್ನಿಟ್ಟ ಗೋಡೆಯದ್ದು. ಗೋಡೆಗೆ ಮೊದಲು ಔಷಧ ಮಾಡಿಸಿ.

ಬಣ್ಣ ಇಲ್ಲದ ಸಣ್ಣ ಮರದ ಸಾಮಾನಿಗೆ ಖರ್ಚಿಲ್ಲದ ದಾರಿ ಡೀಪ್ ಫ್ರೀಜರ್. ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಚೀಲದಲ್ಲಿ ಹಾಕಿ, ಒಳಗಿನ ಗಾಳಿ ಹೊರದೂಡಿ ಕಟ್ಟಿ. ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ಎರಡು ವಾರ ಇಡಿ. ಸಾದಾ ಫ್ರಿಜ್‌ನ ಐಸ್ ಖಾನೆ ಅಷ್ಟು ತಣ್ಣಗಾಗದೇ ಇರಬಹುದು, ಥರ್ಮಾಮೀಟರ್ ಇಟ್ಟು ನೋಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಕೂಡಲೇ ಬಿಚ್ಚಿದರೆ ತಣ್ಣಗಿನ ಮರದ ಮೇಲೆ ನೀರು ಕೂರುತ್ತದೆ. ಹಳೆಯ ಬಟ್ಟೆಗೆ ಹುಳ ಬಿದ್ದಿದ್ದರೂ ಇದೇ ಕ್ರಮ ನಡೆಯುತ್ತದೆ. ಅರಗು, ಬಣ್ಣ, ದಂತದ ಕೂರಿಕೆ (ಮರದೊಳಗೆ ಕೂರಿಸಿದ ಆನೆದಂತದ ತುಂಡು) ಇರುವ ಸಾಮಾನಿಗೆ ಮಾತ್ರ ಇದು ಬೇಡ.

ಸೀಮೆಎಣ್ಣೆ ಅದ್ದುವುದು, ಕೀಟನಾಶಕ ಸುರಿಯುವುದು ಸಲ್ಲದು. ಮಗು ಬಾಯಿಗೆ ಇಟ್ಟುಕೊಳ್ಳುವ ವಸ್ತು ಇದು, ಅಲ್ವಾ? ಮೇಲೆ ಹಾಕುವ ಬಟ್ಟೆಯೂ ಅದನ್ನೇ ಹೀರುತ್ತದೆ. ಬೆರಳಲ್ಲಿ ಒತ್ತಿದರೆ ಮರ ಒಳಗೆ ಕುಸಿಯುವ ಸ್ಥಿತಿಗೆ ಬಂದಿದ್ದರೆ ಮನೆಯಲ್ಲಿ ಏನೂ ಮಾಡಬೇಡಿ. ಬೆಂಗಳೂರಿನಲ್ಲಿ ಪರಂಪರೆಯ ವಸ್ತುಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಫೋಟೋ ಕಳಿಸಿ ವಿಚಾರಿಸಿ, ಆಮೇಲೆ ಮುಂದಿನ ಮಾತು.

ಕಾಲು ಅಲುಗಾಡುತ್ತದೆ, ಕೂಡು ಬಿಟ್ಟಿದೆ

ಫೆವಿಕ್ವಿಕ್ ತರಬೇಡಿ. ಒಣ ಕೂಡಿಗೆ ಅದು ಸುಲಭವಾಗಿ ಮುರಿಯುವ ಅಂಟು. ಜೊತೆಗೆ ಇನ್ನೊಂದು ಅಪಾಯ ಇದೆ. ಆ ಜಾತಿಯ ಅಂಟು ಹತ್ತಿ ಬಟ್ಟೆಗೆ ಜಾಸ್ತಿ ಬಿದ್ದರೆ ತಟ್ಟನೆ ಬಿಸಿಯೇರಿ ಚರ್ಮ ಸುಡುತ್ತದೆ. ಹತ್ತಿ ಕಡ್ಡಿಯಲ್ಲಿ ಅದನ್ನು ಒರೆಸಲು ಹೋಗುವುದು ಬೇಡವೇ ಬೇಡ.

ಹಳೆಯ ಕೂಡಿನಲ್ಲಿ ಇರುವುದು ಸಾಮಾನ್ಯವಾಗಿ ಸರೇಸು, ಪ್ರಾಣಿಯ ಚರ್ಮದ ಅಂಟು. ಒಂದು ಹನಿ ಬಿಸಿ ನೀರು ಬಿಟ್ಟು ಸ್ವಲ್ಪ ಹೊತ್ತು ಬಿಡಿ. ಬೆರಳಿಗೆ ಅಂಟಿದರೆ ಸರೇಸೇ. ಇದು ಒಳ್ಳೆಯ ಸುದ್ದಿ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹಳೆಯ ಸರೇಸು ಒರೆಸಿ ತೆಗೆಯಬಹುದು, ಹೊಸ ಸರೇಸು ಹಾಕಬಹುದು, ಮುಂದೆ ಯಾರಾದರೂ ಮತ್ತೆ ಬಿಚ್ಚಲೂಬಹುದು. ಫೆವಿಕಾಲ್ ಹಾಕಿದರೆ ಬಿಚ್ಚುವುದು ಕಷ್ಟ. ಹಳೆಯ ಸರೇಸಿನ ಮೇಲೆಯೇ ಹಾಕಿದರೆ ಅದು ಮರಕ್ಕೆ ಹಿಡಿಯುವುದೂ ಇಲ್ಲ. ಒಣಗುವ ತನಕ ಹತ್ತಿ ದಾರ ಸುತ್ತಿ ಬಿಗಿಯಿರಿ. ಹೊಸ ಮೊಳೆ ಹೊಡೆಯಬೇಡಿ, ಬೆರಳು ದಪ್ಪದ ಕಾಲು ಸೀಳುತ್ತದೆ.

ಕೂಡಿನ ನಾಲಿಗೆಯೇ (ತೂತಿನೊಳಗೆ ಕೂರುವ ಮರದ ತುದಿ) ಮುರಿದಿದ್ದರೆ ಗುಡಿಗಾರರ ಹತ್ತಿರ ಹೋಗಿ. ಅಷ್ಟು ಸಣ್ಣ ಉಳಿ ಹಿಡಿಯುವ ಕೈ ಅವರದ್ದು.

ಮಳೆಗಾಲದಲ್ಲಿ ಡ್ರಾಯರ್ ಬಿಗಿಯಾಗಿದೆ

ಮರ ಉಬ್ಬಿದೆ, ಅಷ್ಟೇ. ಎಳೆಯಬೇಡಿ, ಕೆರೆಯಬೇಡಿ. ದೀಪಾವಳಿ ಕಳೆದ ಮೇಲೆ ನೋಡಿ. ಆಗಲೂ ಬಿಗಿಯಿದ್ದರೆ ಅಂಚಿಗೆ ಮೇಣದಬತ್ತಿ ತಿಕ್ಕಿದರೆ ಸಾಕು. ಮಳೆಗಾಲದಲ್ಲಿ ಕೆರೆದ ಡ್ರಾಯರ್ ಬೇಸಿಗೆಯಲ್ಲಿ ಗಡಗಡ ಅನ್ನುತ್ತದೆ.

ಹೊಸ ಹಾಸಿಗೆಗೆ ಕಲೆ ಬೀಳುತ್ತಿದೆ

ಇಲ್ಲಿ ಕಲೆಯ ಬಣ್ಣವೂ ಜಾಗವೂ ಉತ್ತರ ಹೇಳುತ್ತವೆ. ಹಾಸಿಗೆಯನ್ನು ಮಗುಚಿ, ಮಂಚದ ಪಕ್ಕದಲ್ಲಿಟ್ಟು ಕಲೆಯ ಆಕಾರವನ್ನು ಹಲಗೆಗೆ ಹೋಲಿಸಿ.

ಕಲೆ ತಿಳಿ ಕಂದು ಇದ್ದು, ಹಲಗೆ ತಾಗುವ ಕಡೆ ಮಾತ್ರ ಪಟ್ಟೆ ಪಟ್ಟೆಯಾಗಿ ಬಂದಿದ್ದರೆ ಅದು ಮರದ ಆಮ್ಲ. ಎಷ್ಟು ಹಳೆಯದಾದರೂ ಮರ ಸ್ವಲ್ಪ ಸ್ವಲ್ಪವಾಗಿ ಆಮ್ಲ ಬಿಡುತ್ತಲೇ ಇರುತ್ತದೆ. ಸೆಕೆ, ತೇವ ಹೆಚ್ಚಿದ ಕಡೆ ಅದು ಇನ್ನೂ ಜಾಸ್ತಿ. ಕಲೆ ಬಿದ್ದ ಜಾಗದಲ್ಲಿ ನೂಲು ಪುಸುಪುಸು ಆಗುತ್ತದೆ. ಪರಿಹಾರಕ್ಕೆ ಕಾಸು ಬೇಕಿಲ್ಲ. ಬಿಳುಪು ಮಾಡದ ಹತ್ತಿ ಬಟ್ಟೆಯನ್ನು ಬಿಸಿ ನೀರಲ್ಲಿ ಚೆನ್ನಾಗಿ ತೊಳೆದು, ಗಂಜಿ ಪೂರ್ತಿ ಹೋದ ಮೇಲೆ ಎರಡು ಮಡಿಕೆ ಮಾಡಿ ಹಲಗೆಯ ಅಳತೆಗೆ ಕತ್ತರಿಸಿ ಮಧ್ಯೆ ಹಾಸಿ. ಅಡ್ಡಪದರ ಎಂದೆನಲ್ಲ, ಇದೇ. ವರ್ಷಕ್ಕೊಮ್ಮೆ ತೆಗೆದು ನೋಡಿ. ಅದು ಕಂದಾಗಿದ್ದರೆ ನಿಮ್ಮ ಹಾಸಿಗೆ ಉಳಿದಿದೆ ಎಂದರ್ಥ. ತೊಳೆದು ಮತ್ತೆ ಹಾಕಿ.

ಕಲೆ ಕಿತ್ತಳೆ ಬಣ್ಣದ ಚುಕ್ಕೆಯಾಗಿದ್ದು ಸಾಲಾಗಿ ಬಂದಿದ್ದರೆ ಕಬ್ಬಿಣದ ಮೊಳೆ. ಕಾರವಾರ, ಅಂಕೋಲಾದಲ್ಲಿ ಕಡಲ ಗಾಳಿಯ ಉಪ್ಪಿಗೆ ಮೊಳೆ ತಲೆ ಬಹಳ ಬೇಗ ತುಕ್ಕು ಹಿಡಿಯುತ್ತದೆ. ಮೊಳೆ ಕೀಳಬೇಡಿ. ಒಣ ಬ್ರಷ್‌ನಲ್ಲಿ ತುಕ್ಕು ತೆಗೆದು, ಮೇಲೆ ಜೇನುಮೇಣ ತೆಳುವಾಗಿ ಹಚ್ಚಿ. ಬಟ್ಟೆಯ ಮೇಲಿನ ತುಕ್ಕಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ನಿಂಬೆರಸ, ಉಪ್ಪು ಹಚ್ಚುವ ಅಜ್ಜಿಯರ ಪದ್ಧತಿ ಗಟ್ಟಿ ಬಿಳಿ ಹತ್ತಿಗೆ ಸರಿ. ಆಮೇಲೆ ಹಲವು ನೀರಲ್ಲಿ ತೊಳೆಯಬೇಕು. ಹಳೆಯ ಬಟ್ಟೆಗೆ ಅದು ಬೇಡ, ನೂಲು ತಾಳುವುದಿಲ್ಲ.

ಹಸಿರು ಕಲೆ ಎಂದರೆ ಹಿತ್ತಾಳೆಯ ಕಿಲುಬು. ಉಯ್ಯಾಲೆ ಸರಪಳಿ ಹೊಳೆಯಲಿ ಅಂತ ತೆಂಗಿನೆಣ್ಣೆ ಹಚ್ಚುತ್ತಾರೆ. ಎಣ್ಣೆಯೂ ತಾಮ್ರದ ಅಂಶವೂ ಸೇರಿ ಆ ಹಸಿರು ಅಂಟು ಇನ್ನೂ ಹೆಚ್ಚುತ್ತದೆ. ಸರಪಳಿ ಬಿಚ್ಚಲು ಬಂದರೆ ಬಿಚ್ಚಿ, ಹುಣಿಸೆಹಣ್ಣಿನಲ್ಲಿ ತಿಕ್ಕಿ, ತೊಳೆದು, ಪೂರ್ತಿ ಒಣಗಿಸಿ ಮೇಣ ಹಚ್ಚಿ. ಬಿಚ್ಚಲು ಬಾರದಿದ್ದರೆ ಹುಣಿಸೆ ಹತ್ತಿರವೂ ತರಬೇಡಿ, ಹುಳಿ ನೀರು ಮರಕ್ಕೆ ಇಳಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಬಿಡಿ.

ಇನ್ನೊಂದು, ಹೊಸದಾಗಿ ಪಾಲಿಶ್ ಮಾಡಿದ ಮರ. ಮುಟ್ಟಿದರೆ ಒಣಗಿದೆ ಅನಿಸಿದರೂ ಒಳಗೆ ಹಸಿ ಇರುತ್ತದೆ. ಒಂದು ತಿಂಗಳು ಬಟ್ಟೆ ತೊಡಿಸಬೇಡಿ. ಅಗಸೆ ಎಣ್ಣೆ ಬಳಸಿದ್ದರೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಎಸೆಯಬೇಡಿ. ಮುದ್ದೆಯೊಳಗೆ ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು. ಅಂಗಳದಲ್ಲಿ ಹರವಿ ಒಣಗಿಸಿ.

ಹಳೆಯ ಬಟ್ಟೆ ಹರಿದಿದೆ: ಎಲ್ಲಿ ಹರಿದಿದೆ ನೋಡಿ

ಅಚ್ಚು ಹಾಕಿದ ಹಳೆಯ ಹತ್ತಿಯಲ್ಲಿ ಕಪ್ಪು ಗೆರೆಗಳು ಮಾತ್ರ ತೂತಾಗಿ, ಕೆಂಪು, ಬಿಳಿ ಭಾಗ ಗಟ್ಟಿಯಾಗಿ ಉಳಿದದ್ದನ್ನು ನೀವು ನೋಡಿರಬಹುದು. ಅದು ಹುಳ ಅಲ್ಲ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಮಾಡಿದ ಕಪ್ಪು ಬಣ್ಣ ನಿಧಾನಕ್ಕೆ ನೂಲನ್ನು ತಿನ್ನುತ್ತದೆ. ಇದನ್ನು ವಾಪಸ್ ತಿರುಗಿಸುವ ಔಷಧ ಮನೆಯಲ್ಲಿಲ್ಲ. ನೀರಿಗೆ ಹಾಕಬೇಡಿ, ಅಂಟು ಹಚ್ಚಬೇಡಿ. ಕೆಳಗೆ ಅದೇ ಬಣ್ಣದ ತೆಳು ಹತ್ತಿ ಇಟ್ಟು ಸಣ್ಣ ಸೂಜಿಯಲ್ಲಿ, ಗಟ್ಟಿ ಭಾಗಕ್ಕೆ ಮಾತ್ರ, ದೂರ ದೂರ ಹೊಲಿಗೆ ಹಾಕಿ. ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳಿದ್ದರೂ ಇದೇ ಉಪಾಯ.

ಮೇಲ್ಮೈ ಮಾತ್ರ ಕೆರೆದ ಹಾಗೆ ತೆಳುವಾಗಿದ್ದರೆ ಹಳೆಯ ಪುಸ್ತಕಗಳಲ್ಲಿ ಓಡಾಡುವ ಬೆಳ್ಳಿ ಬಣ್ಣದ ಹುಳ. ಅದಕ್ಕೆ ಬೇಕಾದದ್ದು ಗಂಜಿ. ಗೊಂಬೆ ಬಟ್ಟೆಗೆ ಗಂಜಿ ಹಾಕಿ ಎತ್ತಿಡುವುದನ್ನು ಬಿಟ್ಟರೆ ಅರ್ಧ ಕಾಟ ಕಡಿಮೆ.

ತೊಳೆಯಲೇಬೇಕು ಅನಿಸಿದರೆ ಒದ್ದೆ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ತೊಳೆಯಬೇಡಿ. ಅರಿಶಿಣದ ಹಳದಿಗೆ ಸೋಪು ತಾಗಿದರೆ ಕೆಂಪಾಗುತ್ತದೆ, ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಬಣ್ಣ ಗಟ್ಟಿಯಿದ್ದರೆ ಅಂಟುವಾಳದ ನೊರೆ ಒಳ್ಳೆಯದು. ಅಚ್ಚ ಬಿಳಿಗೆ ಮಾತ್ರ ಅದು ಸ್ವಲ್ಪ ಹಳದಿ ಛಾಯೆ ಬಿಡುತ್ತದೆ.

ಹೊದಿಕೆ ನೆಟ್ಟಗೆ ನಿಲ್ಲುತ್ತದೆ, ಕೌದಿ ಸುರುಟುತ್ತದೆ

ಒಂದು ಅಡಿಗೆ ಒಂದು ಇಂಚಿನ ಅಳತೆಯಲ್ಲಿ ಮಾಡಿದ ಮಂಚ ಆರಿಂಚು ಉದ್ದ ಇರುತ್ತದೆ. ಮಂಚ ಹನ್ನೆರಡು ಪಾಲು ಸಣ್ಣದಾಯಿತು. ನೂಲು ಸಣ್ಣದಾಗಲಿಲ್ಲ. ದೊಡ್ಡ ಹಾಸಿಗೆಗೆ ಚೆಂದ ಕಾಣುವ ಖಾದಿ ಇಲ್ಲಿ ರಟ್ಟಿನ ಹಾಗೆ ನಿಲ್ಲಲು ಇದೇ ಕಾರಣ. ಹೊಸ ಬಟ್ಟೆ ಹುಡುಕುವ ಬದಲು ತೊಳೆದು ತೊಳೆದು ಸವೆದ ಕೈಮಗ್ಗದ ಹತ್ತಿ ಸೀರೆ, ಅಜ್ಜನ ಹಳೆಯ ಪಂಚೆ ನೋಡಿ. ಅವು ಇಳಿಬೀಳುವ ಚೆಂದವೇ ಬೇರೆ. ಅಷ್ಟಾಗಿಯೂ ನಿಂತರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ. ಅಂಚನ್ನು ಒಂದೇ ಮಡಿಕೆ ಮಡಿಚಿ. ನೆರಿಗೆಯನ್ನು ಒದ್ದೆ ಇರುವಾಗಲೇ ತುಕ್ಕು ಹಿಡಿಯದ ಪಿನ್ನಿನಿಂದ ದಿಂಬಿನ ಮೇಲೆ ಚುಚ್ಚಿಟ್ಟು ಒಣಗಿಸಿ, ಆಮೇಲೆ ಮಂಚಕ್ಕೆ ಹಾಕಿ.

ಕೌದಿ ಸುರುಟಿದರೆ ಮೊದಲು ಕೇಳಬೇಕಾದದ್ದು: ತುಂಡುಗಳನ್ನೆಲ್ಲ ಮೊದಲೇ ತೊಳೆದಿದ್ದಿರಾ? ಒಂದು ಹಳೆಯದು, ಒಂದು ಹೊಸದು ಸೇರಿದ್ದರೆ ಮೊದಲ ತೊಳೆತಕ್ಕೇ ಹೊಸದು ಕುಗ್ಗಿ ಎಳೆಯುತ್ತದೆ. ಎರಡನೆಯದು ದಾರದ ಬಿಗಿ. ಸಣ್ಣ ಕೆಲಸ ಅಂತ ನಾವು ಜಾಸ್ತಿ ಎಳೆಯುತ್ತೇವೆ. ಮೂರನೆಯದು ಹೊಲಿಯುವ ಕ್ರಮ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ತಮ್ಮ ಕವಂದಿಯನ್ನು, ಅಂದರೆ ಕೌದಿಯನ್ನು, ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಫೂಲ್ ಎಂಬ ಮಡಚಿದ ತುಂಡು ಹಾಕದೆ ಅವರ ಕವಂದಿ ಮುಗಿಯುವುದಿಲ್ಲ. ಅಂಚು ಮೊದಲೇ ಕೂತಿರುವುದರಿಂದ ಮೂಲೆ ಏಳುವುದಿಲ್ಲ. ಗೊಂಬೆ ಕೌದಿಗೂ ಈ ಕ್ರಮ ಹಿಡಿದು ನೋಡಿ, ಪದರ ಎರಡೇ ಇರಲಿ.

ದಿಂಬು, ಹಾಸಿಗೆಗೆ ಬೂರುಗದ ಹತ್ತಿ ಎಲ್ಲಕ್ಕಿಂತ ಹಗುರ. ತುಂಬುವಾಗ ಮೂಗಿಗೆ ಹಾರುತ್ತದೆ, ಮಾಸ್ಕ್ ಕಟ್ಟಿ. ಹಳೆಯ ಹಾಸಿಗೆಯೊಳಗೆ ಹೊಟ್ಟು, ಕಾಳು ಸಿಕ್ಕರೆ ಅದನ್ನು ತೆಗೆಯಿರಿ. ಹುಳ ಅಲ್ಲಿಂದಲೇ ಬರುತ್ತದೆ.

ಸರಿ ಮಾಡಿದರೂ ಪ್ರತಿ ಮಳೆಗಾಲ ಅದೇ ಕತೆ

ಹಾಗಿದ್ದರೆ ಸಾಮಾನಿನಲ್ಲಿ ಅಲ್ಲ, ಇಟ್ಟ ಜಾಗದಲ್ಲಿ ದೋಷ. ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಕಪಾಟಿನೊಳಗೆ ಇಟ್ಟು ನೋಡಿ. ಶೇಕಡಾ 65ಕ್ಕಿಂತ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟು ಬಂದೇ ಬರುತ್ತದೆ. ಹೊರಗೋಡೆಗೆ ಅಂಟಿದ ಕಪಾಟಿನಿಂದ ಒಳಗೋಡೆಯ ಕಡೆಗೆ ಬದಲಿಸುವುದೇ ಮೊದಲ ಉಪಾಯ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು ಎರಡನೆಯದು. ಬಣ್ಣ ಬದಲಾಗುವ ಜೆಲ್ ತಂದರೆ ಯಾವಾಗ ಒಣಗಿಸಬೇಕು ಅಂತ ಗೊತ್ತಾಗುತ್ತದೆ.

ಕಪಾಟಿನೊಳಗೆ ಬಲ್ಬ್ ಉರಿಸಿಡುವ ರೂಢಿ ನಮ್ಮಲ್ಲಿದೆ. ಹತ್ತಿ, ಅರಗು, ಒಣ ಮರ ಇರುವ ಕಡೆ ಅದು ಬೆಂಕಿಗೆ ದಾರಿ. ನುಸಿಗುಳಿಗೆಯೂ ಬೇಡ. ಮಕ್ಕಳು ಮಿಠಾಯಿ ಅಂದುಕೊಂಡು ಬಾಯಿಗೆ ಹಾಕುತ್ತಾರೆ, ಅದು ವಿಷ.

ಹೊರದೇಶದಲ್ಲಿರುವ ಮಗಳಿಗೆ, ಮೊಮ್ಮಗಳಿಗೆ ಅಂತ ಕಳಿಸುವವರು ಒಂದು ವಿಷಯ ತಿಳಿದಿರಬೇಕು. ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾವಸ್ತು ಕಾಯ್ದೆಯಡಿ ಬರುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ವಯಸ್ಸಿನ ಬಗ್ಗೆ ಅನುಮಾನ ಇದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತೋರಿಸಿ, ಪುರಾವಸ್ತು ಅಲ್ಲ ಎಂಬ ಪ್ರಮಾಣಪತ್ರ ಸಿಕ್ಕ ಮೇಲೆಯೇ ಪೆಟ್ಟಿಗೆ ಕಟ್ಟಿ. ದಂತದ ಕೂರಿಕೆ ಇದ್ದರೆ ವನ್ಯಜೀವಿ ಕಾಯ್ದೆಯೂ ಅಡ್ಡ ಬರುತ್ತದೆ. ಅದನ್ನು ಮಾರುವ ಮಾತಂತೂ ಆಡಲೇಬೇಡಿ.